ಹಳೆಯ ಗಣಕಯಂತ್ರಕ್ಕೆ ಹೊಸ ಮಿದುಳು

ವಿದ್ಯಾರ್ಥಿಗಳು ಈಚೆಗೆ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: “ಮನೆಯ ಕಂಪ್ಯೂಟರು ಬಹಳ ನಿಧಾನವಾಗಿದೆ, ಸಾರ್. ಹೊಸದನ್ನು ಕೊಳ್ಳುವಷ್ಟು ಹಣವಿಲ್ಲ. ಪ್ರೊಸೆಸರನ್ನೂ ಮದರ್‌ಬೋರ್ಡನ್ನೂ ಮಾತ್ರ ಬದಲಾಯಿಸಿದರೆ ಸಾಲದೆ?” ಪ್ರಶ್ನೆ ಸಣ್ಣದು, ಅದರ ಹಿಂದಿರುವ ಚಿಂತೆ ಸಣ್ಣದಲ್ಲ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣವಾಗಲಿ, ತಂದೆತಾಯಿಗಳು ಕಷ್ಟದಿಂದ ಕೂಡಿಸಿಕೊಟ್ಟ ಹಣವಾಗಲಿ, ಒಂದೇ ಸಲ ಖರ್ಚಾಗುವಂಥದು. ಹೊಂದದ ಭಾಗವನ್ನು ತಂದು ಪೊಟ್ಟಣ ಒಡೆದ ಮೇಲೆ ಅಂಗಡಿಯವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವರೆಂಬ ಭರವಸೆಯಿಲ್ಲ.

ಈ ಪ್ರಶ್ನೆಗೆ ಇನ್ನೊಂದು ಒತ್ತಡವೂ ಸೇರಿದೆ. 2025ನೆಯ ಇಸವಿ ಅಕ್ಟೋಬರ್ 14ರಂದು ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನದಾದ ವಿಂಡೋಸ್ 11, ಕೆಲವು ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಅಥವಾ ಎ.ಎಂ.ಡಿ.ಯ ರೈಜನ್ 2000 ಶ್ರೇಣಿಗಿಂತ ಹಳೆಯದಾದ ಪ್ರೊಸೆಸರನ್ನು ಒಪ್ಪುವುದಿಲ್ಲ. ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡೂ ಅದಕ್ಕೆ ಬೇಕು. ಹೀಗಾಗಿ ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಎಷ್ಟೋ ಯಂತ್ರಗಳು, ಒಂದು ತಿರುಪೂ ಸಡಿಲಾಗದೆ, ‘ಹಳೆಯವು’ ಎನಿಸಿಕೊಂಡವು.

ಇಂಥ ಸಂದರ್ಭದಲ್ಲಿ ಭೌತವಿಜ್ಞಾನದ ವಿದ್ಯಾರ್ಥಿ ನಡೆಯಬೇಕಾದ ದಾರಿ ಪ್ರಯೋಗಶಾಲೆಯ ದಾರಿಯೇ. ಮೊದಲು ಅಳೆಯಬೇಕು, ಬಳಿಕ ಯಾವ ಭಾಗ ಯಾವುದಕ್ಕೆ ಕಟ್ಟುಬಿದ್ದಿದೆಯೆಂಬುದನ್ನು ತಿಳಿಯಬೇಕು, ಹಣದ ಚೀಲವನ್ನು ಬಿಚ್ಚುವುದು ಮೂರನೆಯ ಮಾತು.

ಕಾಲ ಎಲ್ಲಿ ಹೋಗುತ್ತದೆ?

ಗಣಕಯಂತ್ರದ ಕೆಲಸವನ್ನು ಮದುವೆಮನೆಯ ಅಡಿಗೆಗೆ ಹೋಲಿಸಬಹುದು. ಪ್ರೊಸೆಸರು ಅಡಿಗೆಯ ಭಟ್ಟ. ಮೆಮೊರಿ ಎಂಬುದು ಅವನ ಕೈಗೆಟಕುವ ಹಲಗೆ. ಸದ್ಯಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿರುತ್ತದೆ. ಡಿಸ್ಕು ದೂರದ ಉಗ್ರಾಣ. ಉಗ್ರಾಣದಿಂದ ಬೇಳೆ ಬರುವುದು ತಡವಾದರೆ ಭಟ್ಟನ ಕೈ ಎಷ್ಟು ಚುರುಕಾಗಿದ್ದರೇನು? ಅವನು ಒಲೆಯ ಮುಂದೆ ಸುಮ್ಮನೆ ಕುಳಿತಿರಬೇಕು.

ಈ ಉಪಮಾನವನ್ನು ಅಂಕಿಗಳಲ್ಲಿ ನೋಡೋಣ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪವುಳ್ಳ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ಸೂಜಿಯನ್ನು ಹೊತ್ತ ತೋಳು ತಕ್ಕ ಸ್ಥಳಕ್ಕೆ ಸರಿಯಲು ಇನ್ನೊಂದು 8 ಮಿಲಿಸೆಕೆಂಡು. ಒಟ್ಟು 12 ಎಂದಿಟ್ಟುಕೊಳ್ಳೋಣ. ಇಷ್ಟರಲ್ಲಿ 3 ಗಿಗಾಹರ್ಟ್ಸ್ ಆವೃತ್ತಿಯ ಪ್ರೊಸೆಸರು 3 ಕೋಟಿ 60 ಲಕ್ಷ ಸಲ ಮಿಡಿದಿರುತ್ತದೆ! ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ. ಎಂಬ ಸಂಗ್ರಾಹಕದಲ್ಲಿ ಇದೇ ಕೆಲಸಕ್ಕೆ ಹಿಡಿಯುವ ಕಾಲ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಥವಾ ಅದಕ್ಕೂ ಕಡಮೆ.

1967ರಲ್ಲಿ ಜೀನ್ ಆಮ್‌ಡಾಲ್ ಎಂಬ ಅಮೆರಿಕದ ಯಂತ್ರಶಿಲ್ಪಿ ಮಂಡಿಸಿದ ತತ್ತ್ವವೊಂದು ಇಲ್ಲಿ ಉಪಯುಕ್ತ. ಒಂದು ಕೆಲಸದ ಯಾವುದೋ ಒಂದು ಅಂಶವನ್ನು ಮಾತ್ರ ತ್ವರೆಗೊಳಿಸಿದರೆ, ಒಟ್ಟು ಲಾಭಕ್ಕೆ ಉಳಿದ ಅಂಶವೇ ಮಿತಿ ಹಾಕುತ್ತದೆ. ಒಂದು ಕೆಲಸ ಮುಗಿಯಲು 100 ಸೆಕೆಂಡು ಬೇಕು. ಅದರಲ್ಲಿ 40 ಸೆಕೆಂಡು ಲೆಕ್ಕಾಚಾರಕ್ಕೆ, 50 ಡಿಸ್ಕಿನ ನಿರೀಕ್ಷೆಗೆ, 10 ಇತರ ವಿಷಯಗಳಿಗೆ ಎಂದು ಭಾವಿಸಿ. ಎರಡರಷ್ಟು ವೇಗದ ಪ್ರೊಸೆಸರನ್ನು ಹಾಕಿದರೆ 40 ಎಂಬುದು 20 ಆಗುತ್ತದೆ. ಕೆಲಸಕ್ಕೆ ಇನ್ನೂ 80 ಸೆಕೆಂಡು ಬೇಕು. ಪ್ರೊಸೆಸರನ್ನು ಮುಟ್ಟದೆ ಡಿಸ್ಕಿನ ಕಾಯುವಿಕೆಯನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ 55 ಸೆಕೆಂಡು ಸಾಕು. ಇಂಥ ಯಂತ್ರದಲ್ಲಿ ಪ್ರೊಸೆಸರಿಗೆ ಹಾಕಿದ ಹಣ ಹೆಚ್ಚು, ಫಲ ಕಡಮೆ.

ಅಳೆಯುವುದಕ್ಕೆ ವಿಶೇಷ ಉಪಕರಣ ಬೇಡ. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರವು ನಿಜವಾಗಿ ತಡವರಿಸುವ ಕೆಲಸವನ್ನೇ ಮಾಡಿಸುತ್ತ ಅದರ ಅಂಕಿಗಳನ್ನು ಗಮನಿಸಬೇಕು. ಡಿಸ್ಕಿನ ಅಂಕಿ ನೂರರಲ್ಲಿಯೇ ನಿಂತು ಪ್ರೊಸೆಸರಿನ ಅಂಕಿ ಕೆಳಗಿದ್ದರೆ ದೋಷ ಉಗ್ರಾಣದ್ದು. ಮೆಮೊರಿ ಪೂರ್ತಿ ತುಂಬಿದ್ದರೆ ಹಲಗೆ ಸಾಲದು. ಪ್ರೊಸೆಸರು ನೂರಕ್ಕೇರಿ ಅಲ್ಲಿಯೇ ನಿಂತರೆ ಮಾತ್ರ ಭಟ್ಟನನ್ನು ಬದಲಿಸುವ ಮಾತು.

ಇಲ್ಲೊಂದು ಸೂಕ್ಷ್ಮವುಂಟು. ನಾಲ್ಕು ಕೋರುಗಳ, ಎಂದರೆ ನಾಲ್ಕು ಗಣನಘಟಕಗಳ, ಪ್ರೊಸೆಸರಿನಲ್ಲಿ ಒಂದೇ ಕೋರನ್ನು ಬಳಸಬಲ್ಲ ಕಾರ್ಯಕ್ರಮ ನಡೆಯುತ್ತಿದ್ದರೆ ಒಟ್ಟು ಅಂಕಿ ಶೇಕಡ 25ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ರೊಸೆಸರು ಬಿಡುವಾಗಿದೆಯೆಂದು ಇದರಿಂದ ಊಹಿಸಬಾರದು. ಒಂದು ಕೋರು ಬೆವರುತ್ತಿದೆ, ಮೂರು ಸುಮ್ಮನಿವೆ ಎಂದೇ ಅದರ ಅರ್ಥ. ಪ್ರತಿಯೊಂದು ಕೋರಿನ ಅಂಕಿಯನ್ನೂ ಬೇರೆ ಬೇರೆ ತೋರಿಸುವ ಸೌಕರ್ಯ ಅಲ್ಲಿಯೇ ಇದೆ. ಜೊತೆಗೆ ಪೆಟ್ಟಿಗೆಯ ಮಗ್ಗುಲನ್ನು ತೆಗೆದು ನೋಡುವುದೂ ಒಳ್ಳೆಯದು. ತಂಪುಕಾರಿಯ ರೆಕ್ಕೆಗಳಲ್ಲಿ ವರ್ಷಗಳ ಧೂಳು ಗಟ್ಟಿಯಾಗಿ ಕುಳಿತಿದ್ದರೆ ಪ್ರೊಸೆಸರು ಬಿಸಿಯೇರಿ, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅಂಥ ಯಂತ್ರಕ್ಕೆ ಒಂದು ಕುಂಚವೇ ಸಾಕಾದೀತು.

ವೇಗಕ್ಕೆ ತಗಲುವ ಬೆಲೆ

ಅಳತೆ ಪ್ರೊಸೆಸರಿನತ್ತಲೇ ಬೆರಳು ತೋರಿತೆನ್ನೋಣ. ಗಿಗಾಹರ್ಟ್ಸ್ ಹೆಚ್ಚಿರುವುದನ್ನು ಆರಿಸಿದರೆ ಮುಗಿಯಿತೆಂಬುದು ಅನೇಕರ ಎಣಿಕೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. 1971ರಲ್ಲಿ ಬಂದ ಇಂಟೆಲ್ 4004ರಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಅದರ ಆವೃತ್ತಿ 740 ಕಿಲೊಹರ್ಟ್ಸ್. 2004ರ ವೇಳೆಗೆ ಪೆಂಟಿಯಂ 4 ಪ್ರೊಸೆಸರು 3.8 ಗಿಗಾಹರ್ಟ್ಸನ್ನು ಮುಟ್ಟಿತು. ಮೂವತ್ತಮೂರು ವರ್ಷಗಳಲ್ಲಿ ಐದು ಸಾವಿರ ಮಡಿ! ಆದರೆ ಅದೇ ವರ್ಷ 4 ಗಿಗಾಹರ್ಟ್ಸಿನ ಪೆಂಟಿಯಂ 4ರ ಯೋಜನೆಯನ್ನು ಇಂಟೆಲ್ ಕೈಬಿಟ್ಟಿತು. ಅಲ್ಲಿಂದ ಇಲ್ಲಿಗೆ ಎರಡು ದಶಕಗಳಾದರೂ ಮೇಜಿನ ಯಂತ್ರಗಳ ಆವೃತ್ತಿ ಒಂದೂವರೆ ಮಡಿ ಹೆಚ್ಚುವುದೇ ಕಷ್ಟವಾಗಿದೆ.

ಕಾರಣ ಉಷ್ಣ. ಸ್ವಿಚ್ಚಿನಂತೆ ತೆರೆದು ಮುಚ್ಚುವ ಟ್ರಾನ್ಸಿಸ್ಟರುಗಳು ವ್ಯಯಿಸುವ ವಿದ್ಯುತ್ ಸಾಮರ್ಥ್ಯವು ಧಾರಕತೆ, ವೋಲ್ಟೇಜಿನ ವರ್ಗ, ಆವೃತ್ತಿ ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಏರಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಎರಡನ್ನೂ ಶೇಕಡ 20ರಷ್ಟು ಏರಿಸಿದರೆ ವ್ಯಯವು 1.2ರ ಘನ, ಎಂದರೆ ಸುಮಾರು 1.73 ಮಡಿ ಆಗುತ್ತದೆ. ವೇಗದಲ್ಲಿ ಐದನೆಯ ಒಂದು ಪಾಲಿನ ಲಾಭಕ್ಕಾಗಿ ಉಷ್ಣ ಮುಕ್ಕಾಲು ಪಾಲು ಹೆಚ್ಚಿತು.

ಆದ್ದರಿಂದಲೇ ತಯಾರಕರು ಬೇರೆ ಮೂರು ದಾರಿಗಳನ್ನು ಹಿಡಿದರು. ಒಂದೇ ಬಿಲ್ಲೆಯಲ್ಲಿ ಹಲವು ಕೋರುಗಳನ್ನಿಟ್ಟರು. ಒಂದು ಮಿಡಿತದಲ್ಲಿ ಹೆಚ್ಚು ಕೆಲಸ ನಡೆಯುವಂತೆ ರಚನೆಯನ್ನು ತಿದ್ದಿದರು. ಬಿಲ್ಲೆಯೊಳಗೇ ಕ್ಯಾಶೆ ಎಂಬ ಅತಿಶೀಘ್ರ ಮೆಮೊರಿಯನ್ನು ಬೆಳೆಸಿದರು. ಕೊನೆಯದು ಏಕೆ ಮುಖ್ಯವೆಂಬುದನ್ನು ತಿಳಿಯಲು ಬೆಳಕಿನ ವೇಗವನ್ನು ನೆನೆದರಾಯಿತು. 4 ಗಿಗಾಹರ್ಟ್ಸಿನ ಒಂದು ಮಿಡಿತದ ಅವಧಿಯಲ್ಲಿ ನಿರ್ವಾತದಲ್ಲಿ ಬೆಳಕು ಹೋಗುವುದು ಏಳೂವರೆ ಸೆಂಟಿಮೀಟರು ಮಾತ್ರ. ಹೊರಗಿನ ಮೆಮೊರಿಯಿಂದ ಒಂದು ಅಂಕಿ ಬರಲು ನೂರಾರು ಮಿಡಿತಗಳು ಬೇಕಾಗುತ್ತವೆ. ಬೇಕಾದುದು ಹತ್ತಿರದಲ್ಲಿದ್ದಷ್ಟೂ ಕೆಲಸ ಹಗುರ. ಹೀಗಾಗಿ ಪ್ರೊಸೆಸರುಗಳನ್ನು ಹೋಲಿಸುವಾಗ ಗಿಗಾಹರ್ಟ್ಸಿನ ಜೊತೆಗೆ ಪೀಳಿಗೆ, ಕೋರುಗಳ ಸಂಖ್ಯೆ, ಕ್ಯಾಶೆಯ ಪ್ರಮಾಣ ಇವನ್ನೂ ನೋಡಬೇಕು.

ಮದರ್‌ಬೋರ್ಡಿನ ಬಂಧನ

ಪ್ರೊಸೆಸರು ಒಂಟಿಯಾಗಿ ಬರುವ ವಸ್ತುವಲ್ಲ. ಮದರ್‌ಬೋರ್ಡಿನ ಮೇಲೆ ಅದನ್ನು ಕೂರಿಸುವ ಸಾಕೆಟ್ಟು ಒಂದು ನಿರ್ದಿಷ್ಟ ಬಗೆಯ ಪ್ರೊಸೆಸರಿಗೆ ಮಾತ್ರ ಸಲ್ಲುತ್ತದೆ. ಬೋರ್ಡಿನಲ್ಲಿರುವ ಮೆಮೊರಿಯ ಗಾಡಿಯೂ ಒಂದೇ ಬಗೆಯ ಪಟ್ಟಿಯನ್ನು ಸ್ವೀಕರಿಸುತ್ತದೆ. ಡಿ.ಡಿ.ಆರ್. 3 ಪಟ್ಟಿಗೆ 240 ಸಂಪರ್ಕಗಳು, 1.5 ವೋಲ್ಟು, ಡಿ.ಡಿ.ಆರ್. 4ಕ್ಕೆ 288 ಸಂಪರ್ಕಗಳು, 1.2 ವೋಲ್ಟು, ಡಿ.ಡಿ.ಆರ್. 5ಕ್ಕೂ 288 ಸಂಪರ್ಕಗಳೇ, ಆದರೆ 1.1 ವೋಲ್ಟು, ನಡುವಿನ ಕಚ್ಚು ಬೇರೆಡೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೂರುವುದಿಲ್ಲ. ಆದ್ದರಿಂದ ಪ್ರೊಸೆಸರನ್ನು ಬದಲಿಸಹೊರಟವನು ಬೋರ್ಡನ್ನೂ, ಬೋರ್ಡನ್ನು ಬದಲಿಸಿದವನು ಮೆಮೊರಿಯನ್ನೂ ಕೊಳ್ಳಬೇಕಾಗಿ ಬರುವುದು ಸಾಮಾನ್ಯ. ಬಜೆಟ್ಟಿನ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಸಾಕೆಟ್ಟಿನ ಹೆಸರೊಂದನ್ನೇ ನಂಬುವಂತೆಯೂ ಇಲ್ಲ. 2015ರಲ್ಲಿ ಇಂಟೆಲ್ ಹೊರತಂದ ಎಲ್.ಜಿ.ಎ. 1151 ಸಾಕೆಟ್ಟಿನಲ್ಲಿ 1,151 ಸಂಪರ್ಕಗಳಿದ್ದವು. 2017ರಲ್ಲಿ ಬಂದ ಎಂಟನೆಯ ಪೀಳಿಗೆಯ ಪ್ರೊಸೆಸರುಗಳಿಗೂ ಅಷ್ಟೇ ಸಂಪರ್ಕಗಳು; ಆದರೂ ಅವಕ್ಕೆ 300 ಶ್ರೇಣಿಯ ಹೊಸ ಬೋರ್ಡುಗಳೇ ಬೇಕಾದವು. ಹಳೆಯ ಬೋರ್ಡಿನಲ್ಲಿ ಕೂತರೂ ಅವು ಕೆಲಸ ಮಾಡುವಂತಿರಲಿಲ್ಲ. ಆ ಬಳಿಕ ಎಲ್.ಜಿ.ಎ. 1200 (2020), 1700 (2021), 1851 (2024) ಎಂದು ಸಾಕೆಟ್ಟುಗಳು ಒಂದರ ಹಿಂದೊಂದು ಬಂದವು.

ಇದಕ್ಕೆ ಎದುರಾದ ಉದಾಹರಣೆ ಎ.ಎಂ.ಡಿ.ಯ ಎ.ಎಂ. 4 ಸಾಕೆಟ್ಟು. 1,331 ರಂಧ್ರಗಳ ಈ ಸಾಕೆಟ್ಟು 2016ರಲ್ಲಿ ಹುಟ್ಟಿತು. 2017ರಲ್ಲಿ ಮೊದಲ ರೈಜನ್ ಪ್ರೊಸೆಸರುಗಳು ಅದರಲ್ಲಿ ಕೂತವು. 2020ರಲ್ಲಿ ಬಂದ ರೈಜನ್ 5000 ಶ್ರೇಣಿಯೂ ಅದೇ ಸಾಕೆಟ್ಟಿನದು. ಮೊದಲ ಬೋರ್ಡುಗಳಿಗೆ ಈ ಹೊಸ ಶ್ರೇಣಿಯನ್ನು ಮೊದಮೊದಲು ನಿರಾಕರಿಸಿದ್ದ ಸಂಸ್ಥೆ, 2022ರಲ್ಲಿ ಅವಕ್ಕೂ ಅನುಮತಿ ನೀಡಿತು. ಹೀಗೆ ಐದು ವರ್ಷ ಹಳೆಯದಾದ ಬೋರ್ಡಿಗೆ ಹೊಸ ಮಿದುಳನ್ನು ಕೂರಿಸುವ ಅವಕಾಶ ದೊರೆಯಿತು.

ಎರಡು ಯಂತ್ರಗಳ ಲೆಕ್ಕ

ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಕಾಣಸಿಗುವಂಥ ಎರಡು ಯಂತ್ರಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದರಲ್ಲಿ 2014ರ ಕೋರ್ ಐ5-4460 ಪ್ರೊಸೆಸರು, ಎಚ್ 81 ಬೋರ್ಡು, ಡಿ.ಡಿ.ಆರ್. 3 ಮೆಮೊರಿ, ಹಾರ್ಡ್ ಡಿಸ್ಕು ಇವೆ. ಈ ಬೋರ್ಡಿಗೆ ಹೊಂದುವ ಮೇಲ್ದರ್ಜೆಯ ಪ್ರೊಸೆಸರೆಂದರೆ ಅದೇ ಕಾಲದ ಐ7-4790. ಅದು ಈಗ ಸಿಗುವುದು ಹೆಚ್ಚಾಗಿ ಬಳಸಿದ ಸರಕಾಗಿ. ಕೊಂಡರೂ ಪೀಳಿಗೆ ಅದೇ ಆದ್ದರಿಂದ ವಿಂಡೋಸ್ 11ರ ಬಾಗಿಲು ತೆರೆಯದು. ಇಲ್ಲಿ ನಿಜವಾದ ಆಯ್ಕೆಗಳು ಎರಡೇ. ಬರಹ, ಪಾಠಗಳ ವೀಡಿಯೊ, ಸಣ್ಣ ಕಾರ್ಯಕ್ರಮಗಳ ರಚನೆ ಇಷ್ಟೇ ಉದ್ದೇಶವಾದರೆ ಒಂದು ಎಸ್.ಎಸ್.ಡಿ.ಯನ್ನು ಹಾಕಿ, ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಬೇಕು. ಭದ್ರತೆಯ ತಿದ್ದುಪಡಿಗಳು ಅದರಲ್ಲಿ ಬರುತ್ತಲೇ ಇರುತ್ತವೆ. ಕನ್ನಡ ಬರೆಯಲೂ ಅಡ್ಡಿಯಿಲ್ಲ. ಇದು ಸಾಲದೆಂದರೆ ಪ್ರೊಸೆಸರು, ಬೋರ್ಡು, ಮೆಮೊರಿ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಉದಾಹರಣೆಗೆ 2022ರ ಐ3-12100 ಪ್ರೊಸೆಸರಿನಲ್ಲಿ ನಾಲ್ಕು ಕೋರುಗಳೂ ಎಂಟು ಎಳೆಗಳೂ ಉಂಟು. ಅದಕ್ಕೆ ಸಲ್ಲುವ ಎಚ್ 610 ಬೋರ್ಡುಗಳು ಡಿ.ಡಿ.ಆರ್. 4 ಮತ್ತು ಡಿ.ಡಿ.ಆರ್. 5 ಎರಡು ಬಗೆಗಳಲ್ಲಿಯೂ ಬಂದಿವೆ. ಪೆಟ್ಟಿಗೆ, ಪರದೆ, ಕೀಲಿಮಣೆ ಉಳಿಯುತ್ತವೆ. ವಿದ್ಯುತ್ ಪೂರೈಕೆಯ ಘಟಕವನ್ನು ಮಾತ್ರ ಪರೀಕ್ಷಿಸಿಯೇ ಉಳಿಸಿಕೊಳ್ಳಬೇಕು. ಹತ್ತು ವರ್ಷದಲ್ಲಿ ಅದರೊಳಗಿನ ವಿದ್ಯುದ್ವಿಚ್ಛೇದ್ಯದ ಧಾರಕಗಳು ಒಣಗಿ ದುರ್ಬಲವಾಗುವುದುಂಟು.

ಎರಡನೆಯ ಯಂತ್ರದಲ್ಲಿ 2017ರ ರೈಜನ್ 3 1200, ಬಿ 350 ಬೋರ್ಡು, ಡಿ.ಡಿ.ಆರ್. 4 ಮೆಮೊರಿ, ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡು ಇವೆ. ಇದನ್ನೂ ವಿಂಡೋಸ್ 11 ಒಪ್ಪುವುದಿಲ್ಲ. ಆದರೆ ಬೋರ್ಡಿನ ತಯಾರಕರ ಪಟ್ಟಿಯಲ್ಲಿ ಹೆಸರಿದ್ದರೆ, 2022ರ ರೈಜನ್ 5 5600 ಅದೇ ಸಾಕೆಟ್ಟಿನಲ್ಲಿ ಕೂರುತ್ತದೆ. ಹಳೆಯದರಲ್ಲಿ ನಾಲ್ಕು ಕೋರು, ನಾಲ್ಕು ಎಳೆ, 8 ಮೆಗಾಬೈಟಿನ ಮೂರನೆಯ ಹಂತದ ಕ್ಯಾಶೆ, ಗರಿಷ್ಠ 3.4 ಗಿಗಾಹರ್ಟ್ಸ್. ಹೊಸದರಲ್ಲಿ ಆರು ಕೋರು, ಹನ್ನೆರಡು ಎಳೆ, 32 ಮೆಗಾಬೈಟು, ಗರಿಷ್ಠ 4.4 ಗಿಗಾಹರ್ಟ್ಸ್. ತಯಾರಕರು ಎರಡಕ್ಕೂ ಸೂಚಿಸಿರುವ ಉಷ್ಣದ ಅಂಕಿ 65 ವಾಟು. ಬೋರ್ಡು, ಮೆಮೊರಿ, ಗ್ರಾಫಿಕ್ಸ್ ಕಾರ್ಡು ಯಾವುದನ್ನೂ ಕೊಳ್ಳದೆ, ಒಂದೇ ಭಾಗದ ಬೆಲೆಯಲ್ಲಿ ಯಂತ್ರ ಹೊಸ ಜನ್ಮ ಪಡೆಯಿತು. ವಿಂಡೋಸ್ 11ರ ಪಟ್ಟಿಗೂ ಸೇರಿತು.

65 ವಾಟಿಗಿಂತ ಮೇಲಿನದೇಕೆ ಬೇಡ? ಬೋರ್ಡು 12 ವೋಲ್ಟನ್ನು ಸುಮಾರು 1.2 ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಕೊಡುತ್ತದೆ. 65 ವಾಟನ್ನು 1.2ರಿಂದ ಭಾಗಿಸಿ ನೋಡಿ: 54 ಆಂಪೇರು! ಮನೆಯ ದೊಡ್ಡ ಪ್ಲಗ್ಗಿನ ಮಿತಿಯೇ 15 ಅಥವಾ 16 ಆಂಪೇರು. ಅಗ್ಗದ ಬೋರ್ಡಿನ ಇಳಿಕೆಯ ಮಂಡಲಕ್ಕೆ ಇದಕ್ಕಿಂತ ಹೆಚ್ಚಿನ ಹೊರೆ ಹೊರಿಸಿದರೆ ಅದು ಕಾದು, ವೇಗ ಕುಂದುತ್ತದೆ.

ಇನ್ನೊಂದು ಎಚ್ಚರಿಕೆ. ರೈಜನ್ 5 5600ರಲ್ಲಿಯೂ, ಹೆಸರಿನ ತುದಿಯಲ್ಲಿ ‘ಎಫ್’ ಅಕ್ಷರವುಳ್ಳ ಇಂಟೆಲ್ ಪ್ರೊಸೆಸರುಗಳಲ್ಲಿಯೂ ಪರದೆಗೆ ಚಿತ್ರ ಕಳುಹಿಸುವ ಅಂಗವಿಲ್ಲ. ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಕ್ಕೆ ಇವನ್ನು ಹಾಕಿದರೆ ಪರದೆ ಕತ್ತಲೆಯಾಗಿಯೇ ಉಳಿಯುತ್ತದೆ.

ಭಾಗಗಳ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಆದುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಾಗಲಿ, ಅಂಚೆಯಲ್ಲಿ ತರಿಸುವವರಾಗಲಿ, ಒಂದು ಕಾಗದದಲ್ಲಿ ಮೂರು ಸಾಲು ಬರೆದುಕೊಳ್ಳಲಿ: ಏನನ್ನು ಬದಲಿಸುತ್ತೇವೆ, ಅದರ ಒಟ್ಟು ಬೆಲೆಯೆಷ್ಟು, ನಮ್ಮ ಕೆಲಸದಲ್ಲಿ ಎಷ್ಟು ಸೆಕೆಂಡು ಉಳಿಯುತ್ತದೆ. ಬೆಲೆಯನ್ನು ಸೆಕೆಂಡಿನಿಂದ ಭಾಗಿಸಿದರೆ ಬರುವ ಅಂಕಿ ಯಾವುದಕ್ಕೆ ಕಡಮೆಯೋ ಅದೇ ಮೊದಲ ಖರೀದಿ.

ಕೈಕೆಲಸದ ಕ್ರಮ

ಕೊಳ್ಳುವ ಮುನ್ನ ಬೋರ್ಡಿನ ಹೆಸರನ್ನೂ ಅದರ ಪರಿಷ್ಕರಣದ ಸಂಖ್ಯೆಯನ್ನೂ ಬರೆದುಕೊಂಡು, ತಯಾರಕರ ಅಂತರ್ಜಾಲ ಪುಟದಲ್ಲಿ ಪ್ರೊಸೆಸರುಗಳ ಪಟ್ಟಿಯನ್ನು ನೋಡಬೇಕು. ಪ್ರತಿಯೊಂದು ಪ್ರೊಸೆಸರಿನ ಎದುರಿಗೂ ಬಯೋಸ್ ಎಂಬ ಮೂಲ ಕಾರ್ಯಕ್ರಮದ ಯಾವ ಆವೃತ್ತಿ ಬೇಕೆಂದು ಬರೆದಿರುತ್ತದೆ. ಹಳೆಯ ಪ್ರೊಸೆಸರು ಸ್ಥಾನದಲ್ಲಿರುವಾಗಲೇ ಬಯೋಸನ್ನು ನವೀಕರಿಸಬೇಕು. ಮೊದಲೇ ಹೊಸದನ್ನು ಕೂರಿಸಿದರೆ ಬೋರ್ಡು ಅದನ್ನು ಗುರುತಿಸಲಾರದು. ನವೀಕರಣದ ನಡುವೆ ವಿದ್ಯುತ್ತು ನಿಂತರೆ ಬೋರ್ಡೇ ನಿಷ್ಪ್ರಯೋಜಕವಾಗಬಹುದು, ಯು.ಪಿ.ಎಸ್. ಇರುವ ಕಡೆ ಈ ಕೆಲಸ ಮಾಡುವುದು ಲೇಸು. ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಬೇಕು. ಡಿಸ್ಕನ್ನು ಗೂಢಲಿಪಿಯಿಂದ ಭದ್ರಪಡಿಸಿದ್ದರೆ ಅದರ ಮರುಪ್ರಾಪ್ತಿಯ ಸಂಖ್ಯೆಯನ್ನೂ ಮೊದಲೇ ಬರೆದಿಡಬೇಕು. ಬೋರ್ಡನ್ನೇ ಬದಲಿಸುವವರು ವಿಂಡೋಸಿನ ಪರವಾನಗಿ ಹಳೆಯ ಬೋರ್ಡಿಗೆ ಕಟ್ಟುಬಿದ್ದಿದೆಯೇ ಎಂದು ವಿಚಾರಿಸಲಿ. ಹಾಗಿದ್ದರೆ ಅದೂ ಖರ್ಚಿಗೆ ಸೇರುತ್ತದೆ.

ಒಣಹವೆಯಲ್ಲಿ ನಮ್ಮ ಮೈಮೇಲೆ ಕೆಲವು ಸಾವಿರ ವೋಲ್ಟುಗಳ ಸ್ಥಿರವಿದ್ಯುತ್ತು ಕೂಡಿರಬಲ್ಲದು. ಬೆರಳಿಗೆ ಚುರುಕ್ಕೆನ್ನದಷ್ಟು ಸಣ್ಣ ಕಿಡಿಯೂ ಟ್ರಾನ್ಸಿಸ್ಟರನ್ನು ಕೊಲ್ಲಲು ಸಾಕು. ಕೆಲಸಕ್ಕೆ ಮುನ್ನವೂ ನಡುನಡುವೆಯೂ ಬಣ್ಣವಿಲ್ಲದ, ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮುಟ್ಟಬೇಕು. ಎ.ಎಂ. 4 ಯಂತ್ರದಲ್ಲಿ ತಂಪುಕಾರಿಯನ್ನು ಒಮ್ಮೆಲೆ ಮೇಲಕ್ಕೆಳೆದರೆ ಗಟ್ಟಿಯಾದ ಲೇಪಕ್ಕೆ ಅಂಟಿಕೊಂಡು ಪ್ರೊಸೆಸರೇ ಕಿತ್ತುಬರುವುದುಂಟು. ಪಿನ್ನುಗಳು ಬಾಗುವುದು ಆಗಲೇ. ಯಂತ್ರವನ್ನು ಹತ್ತು ನಿಮಿಷ ನಡೆಸಿ ಲೇಪ ಬೆಚ್ಚಗಾದ ಮೇಲೆ ವಿದ್ಯುತ್ತನ್ನು ಕಡಿದು, ತಂಪುಕಾರಿಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ತೆಗೆಯಬೇಕು. ಹೊಸ ಪ್ರೊಸೆಸರಿನ ಮೂಲೆಯ ತ್ರಿಕೋನ ಚಿಹ್ನೆಯನ್ನು ಸಾಕೆಟ್ಟಿನ ಚಿಹ್ನೆಗೆ ಹೊಂದಿಸಿದರೆ ಅದು ತನ್ನ ಭಾರದಿಂದಲೇ ಕೂರುತ್ತದೆ. ಒತ್ತಬೇಕೆನಿಸಿದರೆ ಎಲ್ಲಿಯೋ ತಪ್ಪಾಗಿದೆಯೆಂದು ತಿಳಿಯಬೇಕು.

ಆಮೇಲೆ ಉಷ್ಣವಾಹಕ ಲೇಪ. ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿವೆ. ಅಲ್ಲಿ ತುಂಬಿರುವ ಗಾಳಿ ಉಷ್ಣವನ್ನು ಬಹಳ ಕಡಮೆಯಾಗಿ ಸಾಗಿಸುತ್ತದೆ. ಲೇಪದ ವಾಹಕತೆ ಗಾಳಿಯದಕ್ಕಿಂತ ಸುಮಾರು ನೂರು ಮಡಿ, ಆದರೆ ತಾಮ್ರದ ಮುಂದೆ ಅದು ಏನೂ ಅಲ್ಲ. ಆದ್ದರಿಂದ ಸಂದು ತುಂಬುವಷ್ಟೇ ಹಚ್ಚಬೇಕು. ಬಟಾಣಿಯ ಗಾತ್ರ ಸಾಕು. ಕೊನೆಗೆ ಯಂತ್ರವನ್ನು ನಡೆಸಿ, ಮೊದಲು ಅಳೆದ ಅದೇ ಕೆಲಸವನ್ನು ಮತ್ತೆ ಅಳೆಯಬೇಕು. ಎರಡು ಅಂಕಿಗಳ ವ್ಯತ್ಯಾಸವೇ ಖರ್ಚಿಗೆ ಸಿಕ್ಕ ಪ್ರತಿಫಲ.

ತೆಗೆದ ಭಾಗಗಳನ್ನು ಕಸದ ಬುಟ್ಟಿಗೆ ಹಾಕಬಾರದು. ಕೆಲಸ ಮಾಡುವ ಪ್ರೊಸೆಸರು ಇನ್ನೊಬ್ಬರ ಯಂತ್ರಕ್ಕೆ ಆಧಾರವಾದೀತು. ಕೆಟ್ಟವನ್ನು ಅಧಿಕೃತ ಮರುಬಳಕೆದಾರರಿಗೆ ತಲಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಉದ್ದೇಶವೂ ಇದೇ.

ಹೊಸ ಯಂತ್ರವನ್ನು ಕೊಳ್ಳಲಾರದವನು ಹಿಂದುಳಿದವನೆಂಬ ಭಾವನೆಗೆ ಕಾರಣವಿಲ್ಲ. ತನ್ನ ಯಂತ್ರ ಎಲ್ಲಿ ತಡವರಿಸುತ್ತದೆ, ಏಕೆ ತಡವರಿಸುತ್ತದೆ ಎಂಬುದನ್ನು ಅಳೆದು ತಿಳಿದ ವಿದ್ಯಾರ್ಥಿಗೆ ಒಂದು ಪ್ರೊಸೆಸರಿನ ಬೆಲೆಯಲ್ಲಿ, ಎಷ್ಟೋ ವೇಳೆ ಅದಕ್ಕಿಂತಲೂ ಕಡಮೆಯಲ್ಲಿ, ಇನ್ನೂ ಹಲವು ವರ್ಷಗಳ ಸೇವೆ ದೊರೆಯುತ್ತದೆ. ಟಾಸ್ಕ್ ಮ್ಯಾನೇಜರನ್ನು ತೆರೆದು ಅಂಕಿಗಳನ್ನು ಬರೆದುಕೊಳ್ಳುವ ಕೆಲಸಕ್ಕಂತೂ ಒಂದು ಕಾಸೂ ಬೇಡ, ಇಂದೇ ಆರಂಭಿಸಬಹುದು.